ಋಣಭಾರ ಇಲ್ಲ

“ಕೆಡವೋಕಾ, ಇರೋಕಾ?” ಅಂತ ಕೇಳಿದ ದಲ್ಲಾಳಿ ಪಾಪಣ್ಣ.
ಇರೋಕೆ ಅಂದೆ.
ಕಮಿಷನ್ನಿನಲ್ಲಿ ಅಷ್ಟು ಕಡಿಮೆಯಾದವನ ಹಾಗೆ
ಬೀಡಿ ಆರಿಸಿದ.

ಕೋಲಾರ, ದೊಡ್ಡಪೇಟೆ. ಹದಿನೆಂಟು ಅಡಿ ಅಗಲ, ತೊಂಬತ್ತು ಉದ್ದ,
ರೈಲು ಡಬ್ಬಿಯ ಹಾಗೆ ಒಳಗೊಳಗೇ ಹೋಗುವ ಮನೆ.
ನಡುವೆ ತೊಟ್ಟಿ, ಮೇಲೆ ಕಬ್ಬಿಣದ ಸರಳು,
ಹನ್ನೆರಡು ಗಂಟೆಗೆ ಸರಳಿನ ನೆರಳು ನೆಲದ ಮೇಲೆ
ಚೌಕಾಬಾರ ಬರೆಯುತ್ತದೆ.
ಹಿತ್ತಿಲ ಬಾಗಿಲು ಗಿಡ್ಡ.
ನೋಡದೆಯೇ ತಲೆ ಬಗ್ಗಿಸಿದೆ.
ಹೇಗೆ ಗೊತ್ತಾಯಿತು ಅಂತ ಹೆಂಡತಿ ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಬ್ಯಾಂಕಿನವರು ಬಂದು ಗೋಡೆ ತಟ್ಟಿದರು.
ಕಟ್ಟಡಕ್ಕೆ ಎಂಬತ್ತು ದಾಟಿದೆ, ಬೆಲೆ ಸೊನ್ನೆ,
ಸಾಲ ಏನಿದ್ದರೂ ನೆಲಕ್ಕೆ ಅಂದರು.
ಹಾಗಾದರೆ ಗಾರೆ ಗೋಡೆ, ಮದ್ರಾಸ್ ತಾರಸಿ, ನಾಲ್ಕು ಕಲ್ಲುಕಂಬ
ಎಲ್ಲಾ ಪುಕ್ಕಟೆ ಬಂದವು,
ಸೊಪ್ಪಿನವಳು ಕೊಸರು ಹಾಕಿದ ಹಾಗೆ.

ರಿಜಿಸ್ಟ್ರಾರ್ ಕಚೇರಿಯಲ್ಲಿ ಚೆಕ್ಕುಬಂದಿ ಓದಿದರು.
ಮೂಡಲಿಗೆ ಬೀದಿ, ಪಡುವಲಿಗೆ ಓಣಿ,
ತೆಂಕಲಿಗೆ ಅರಳೆ ಚಿನ್ನಪ್ಪನವರ ಮನೆ.
ಚಿನ್ನಪ್ಪ ಹೋಗಿ ನಲವತ್ತು ವರ್ಷ,
ಅಲ್ಲೀಗ ಮೊಬೈಲ್ ರಿಪೇರಿ, ಮೇಲೊಂದು ಟ್ಯೂಷನ್.
ಪತ್ರದಲ್ಲಿ ಮಾತ್ರ ಅವನು ಇನ್ನೂ ಅರಳೆ ಹಿಂಜುತ್ತಿದ್ದಾನೆ.
ಋಣಭಾರ? ಅಂದರು.
ಇಲ್ಲ ಅನ್ನುವ ಕಾಗದ ಇತ್ತು, ಮೂವತ್ತು ವರ್ಷದ್ದು, ಮೊಹರು ಸಮೇತ.
ತಂತಿ ಸುಲಿದು ಸುಲಿದು ಸವೆದ ಹೆಬ್ಬೆಟ್ಟು ನನ್ನದು,
ಮೂರು ಸಲ ಒತ್ತಿದರೂ
ಯಂತ್ರ ನನ್ನನ್ನು ಒಪ್ಪಲಿಲ್ಲ.

ಈಗ ಹೇಳುತ್ತೇನೆ.
ಆ ಕಾಗದ ಶುರುವಾಗುವುದಕ್ಕೂ ಐದಾರು ವರ್ಷ ಹಿಂದಿನ ಮಾತು,
ನನಗೆ ಹದಿನೇಳು.
ದಸ್ತಗೀರ್ ಮೇಸ್ತ್ರಿ ಕೈಕೆಳಗೆ, ಹಿತ್ತಿಲ ಓಣಿಯಿಂದ ಬಂದು
ಈ ನಡುಮನೆ ಗೋಡೆ ಕೊರೆದು
ರತ್ನಯ್ಯ ಶೆಟ್ಟರ ಮಿಕ್ಸಿಗೆ ಪಾಯಿಂಟು ಎಳೆದವನು ನಾನು.
ತಂತಿ ಒಂದು ಗೇಣು ಸಾಲದೆ ಬಂತು.
ಸಾಲದೆ ಬಂದದ್ದಲ್ಲ. ಹಿಂದಿನ ಸಂಜೆ
ಮಾರುದ್ದದ ತುಂಡು ಗುಜರಿಗೆ ಹಾಕಿ
ಡೂಮ್‌ಲೈಟ್ ಹತ್ತಿರ ಬಿರಿಯಾನಿ ತಿಂದಿದ್ದೆ.
“ಗೋಡೆಯೊಳಗೆ ಗಂಟು ಹಾಕಬೇಡ ಬೇಟಾ,
ಗೋಡೆ ಮಾತಾಡಲ್ಲ, ಒಂದಿನ ಹೊಗೆ ಬಿಡ್ತದೆ”
ಅನ್ನೋರು ಮೇಸ್ತ್ರಿ.
ಗಂಟು ಹಾಕಿದೆ. ಟೇಪು ಸುತ್ತಿದೆ.
ಮೇಲೆ ಸಿಮೆಂಟು ಮೆತ್ತಿ ಊಟಕ್ಕೆ ಕೂತೆ.

ಆಮೇಲೆ ಈ ಊರಲ್ಲಿ ಎಷ್ಟು ಮನೆಗೆ ದೀಪ ಹತ್ತಿಸಿದೆನೋ.
ಫೈರ್ ಎಂಜಿನ್ ಗಂಟೆ ಕೇಳಿದಾಗೆಲ್ಲ
ಮೊದಲು ದೊಡ್ಡಪೇಟೆ ಕಡೆ ನೋಡುತ್ತಿದ್ದೆ.
ಹಳೇ ಮನೆ ಮೆಚ್ಚಿ ಕೊಂಡ ಅಂತಾರೆ ಜನ.
ಹೌದು, ಕಂಬ ಮೆಚ್ಚಿದೆ, ತೊಟ್ಟಿ ಮೆಚ್ಚಿದೆ,
ಮಹಡಿ ಮೇಲಿಂದ ನೀರಿನ ಟ್ಯಾಂಕುಗಳ ಸಂದಿಯಲ್ಲಿ
ತುಂಡು ತುಂಡಾಗಿ ಕಾಣುವ ಅಂತರಗಂಗೆ ಬೆಟ್ಟವನ್ನೂ.
ಅರ್ಧ ನಿಜ.

ಹಾಲುಕ್ಕಿಸಿದ ಮಾರನೇ ದಿನ
ಚೌಡೇಶ್ವರಿ ತವರಿನವರನ್ನು ಬಸ್ಸು ಹತ್ತಿಸಲು ಹೋದಾಗ
ಮೈನ್ ಇಳಿಸಿ ಉಳಿ ತಗೊಂಡೆ.
ಮೊದಲು ಸಿಕ್ಕಿದ್ದು ಸಣ್ಣ ಮರಳಿನದು, ನುಣುಪು.
ಅಂಚಿನಲ್ಲಿ, ಅದರ ಕೆಳಗೆ, ನನ್ನದು,
ದಪ್ಪ ಮರಳು, ಅವಸರದ್ದು.
ಗೇಣು ಗೇಣೇ ಕೆತ್ತಿದೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ.
ಗಂಟಿಲ್ಲ.
ಒಂದೇ ತಂತಿ, ಇಡೀ ತಂತಿ,
ಕೊನೆಯಲ್ಲಿ ಎಳೆಗಳ ಹುರಿ ಎಡಕ್ಕೆ.
ಈ ಊರಲ್ಲಿ ಹಾಗೆ ಹುರಿ ಹಾಕುತ್ತಿದ್ದವರು ಒಬ್ಬರೇ,
ಎಡಚ ದಸ್ತಗೀರ್.

ಯಾವಾಗ ಬಂದರೋ. ಯಾರ ದುಡ್ಡಿನ ತಂತಿಯೋ.
ಆಮೇಲೂ ಎಂಟು ವರ್ಷ ಜೊತೆಗೆ ಏಣಿ ಹೊತ್ತೆವು,
ಒಂದು ಟೀ ಎರಡು ಮಾಡಿ ಕುಡಿದೆವು,
ಒಂದು ಮಾತಿಲ್ಲ.
ಬೆಲೆ ಮಾತಾಡುವಾಗ ಶೆಟ್ಟರ ಮಗಳು
“ನಿಮಗೆ ಗೊತ್ತಿಲ್ಲದ ಮನೆಯಾ?” ಅಂತ ನಕ್ಕಿದ್ದು
ಈಗ ಬೇರೆ ಥರ ಕೇಳಿಸುತ್ತದೆ.
ಮೇಸ್ತ್ರಿ ಹೋಗಿ ಹನ್ನೊಂದು ರಂಜಾನ್ ಆಯಿತು.
ಮಾರುದ್ದ ತಾಮ್ರ ಯಾರಿಗೆ ಕೊಡಲಿ?

ಗೋಡೆಯನ್ನು ಮುಚ್ಚದೆ ವಾರ ಬಿಟ್ಟೆ.
ಇಲಿಯಾ? ಅಂದಳು ಚೌಡೇಶ್ವರಿ.
ಹೂಂ ಅಂದೆ.
ಅದರ ಮೇಲೆ ಅಕ್ಕಿ ಅಂಗಡಿಯ ಕ್ಯಾಲೆಂಡರ್ ನೇತುಹಾಕಿ
ಚಟ್ನಿಗೆ ಮಿಕ್ಸಿ ಹಾಕಿದಳು.