ಬಿಸಿ ಮೂತಿ, ತಣ್ಣನೆ ಮೂತಿ

ಪುಸ್ತಕದ ಮೊದಲ ಪುಟದಲ್ಲೇ ಮೊಟ್ಟೆಗಳು:
ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಇಡಬೇಡಿ.
ನಮ್ಮ ಕಡೆ ಕೋಳಿಯಿಲ್ಲ, ಅಂದೆ.
ಬುಟ್ಟಿಯುಂಟು, ಬೆನ್ನಿಗೆ ಕಟ್ಟಿಕೊಂಡು
ಗೋಬಿಯ ಬಯಲಲ್ಲಿ ಒಣಸೆಗಣಿ ಆಯುವುದಕ್ಕೆ.
ಅಷ್ಟನ್ನೂ ಒಂದರಲ್ಲೇ ತುಂಬುತ್ತೇವೆ,
ಈವರೆಗೆ ಯಾರೂ ದಿವಾಳಿಯೆದ್ದಿಲ್ಲ.

ಉಲಾನ್‌ಬಾತರಿನ ಮೂರನೇ ಮಹಡಿಯ ತರಗತಿ ನಕ್ಕಿತು.
ನರಂಗೆರೆಲ್ ಮೇಡಂ ನಗಲಿಲ್ಲ.
ಕಿಟಕಿಯಾಚೆ ಕಲ್ಲಿದ್ದಲ ಹೊಗೆ, ಮೈನಸ್ ಇಪ್ಪತ್ತೆಂಟು;
ಒಳಗೆ ಹಲಗೆಯ ಮೇಲೆ ಒಂದು ಗ್ರೀಕ್ ಅಕ್ಷರ,
ತಲೆ ದುಂಡಗೆ, ಬಾಲ ಕೆಳಕ್ಕೆ,
ಮೈನಸ್ ಒಂದರಿಂದ ಒಂದರವರೆಗೆ
ಗೂಟಕ್ಕೆ ಕಟ್ಟಿದ ಕರುವಿನಂತೆ ಸುಳಿದಾಡುವ ರೋ.
"ಜೊತೆಗೆ ಏರದ, ಜೊತೆಗೆ ಬೀಳದ
ಎರಡನ್ನು ಹೇಳು, ಸರಂಚಿಮೆಗ್."

ಕುದುರೆ, ಕುರಿ: ಬಿಸಿ ಮೂತಿಯವು.
ಒಂಟೆ, ಹಸು, ಆಡು: ತಣ್ಣನೆ ಮೂತಿಯವು.
ಕುದುರೆ ಗೊರಸಿನಲ್ಲಿ ಹಿಮ ಕೆದಕುತ್ತದೆ,
ಹಿಂದೆಯೇ ಬಂದು ಕುರಿ ಮೇಯುತ್ತದೆ;
ಕುರಿ ಮೂಸದ ಮುಳ್ಳುಪೊದೆ ಒಂಟೆಗೆ ಹಬ್ಬ.
ಐದೂ ಇದ್ದವನೇ ಉಳ್ಳವನು ಅಂತ ಅಜ್ಜ
ಬೆರಳು ಮಡಿಸಿ ಎಣಿಸುತ್ತಿದ್ದ.
ಸೂತ್ರ ಗೊತ್ತಿರಲಿಲ್ಲ.
ಮೇಡಂ ಸೀಮೆಸುಣ್ಣ ಕೆಳಗಿಟ್ಟರು.
"ಈಗ ಎಷ್ಟಿವೆ?"

ಅದು ಪಾಠದಲ್ಲಿರಲಿಲ್ಲ.

ಆಡಿನ ಒಳತುಪ್ಪುಳಕ್ಕೆ ಬೆಲೆ ಬಂದ ವಸಂತದಲ್ಲಿ
ಅಪ್ಪ ಒಂಟೆ ಮಾರಿ ಆಡು ಕೊಂಡ.
ಮರುವರ್ಷ ಹಸು ಮಾರಿ ಆಡು ಕೊಂಡ.
ಕುರಿಗಳ ಕತೆಯೂ ಅದೇ.
ಆಡು ಮುಟ್ಟದ ಸೊಪ್ಪಿಲ್ಲ;
ನಮ್ಮವು ಬೇರನ್ನೂ ಬಿಡಲಿಲ್ಲ.
ಆರುನೂರ ನಲವತ್ತು,
ಗುಡ್ಡವೇ ಎದ್ದು ಬೆಳ್ಳಗೆ ನಡೆದಂತೆ.
ಒಂದು ಮುದಿ ಹೆಣ್ಣೊಂಟೆಯನ್ನು ಮಾತ್ರ ಅಮ್ಮ ಕೊಡಲಿಲ್ಲ.
ಯಾಕೆ ಅಂದರೆ,
"ಅದು ನನ್ನ ಮುಖ ನೋಡುತ್ತೆ."

ಆಮೇಲೆ ಕಬ್ಬಿಣದ ಚಳಿಗಾಲ.
ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ,
ನೆಲಕ್ಕೆಲ್ಲ ಗಾಜಿನ ಮುಚ್ಚಳ.
ಹುಲ್ಲು ಕಾಣುತ್ತಿತ್ತು. ಸಿಗುತ್ತಿರಲಿಲ್ಲ.
ಐದನ್ನೂ ಉಳಿಸಿಕೊಂಡಿದ್ದ ಪುರೆವ್ಜಾವ್ ಮಾವನ ಕೊಟ್ಟಿಗೆಯಲ್ಲೂ
ಬಿಸಿ ಮೂತಿಗಳು ತಣ್ಣಗಾದವು.

"ಆಗ ರೋ ಒಂದಾಗುತ್ತದೆ," ಅಂದರು ಮೇಡಂ, ಮೆಲ್ಲಗೆ,
"ಎಲ್ಲವೂ ಒಟ್ಟಿಗೆ ಬೀಳುವ ದಿನ.
ಅದು ಹದಿಮೂರನೇ ಅಧ್ಯಾಯ."
ಗಂಟೆ ಹೊಡೆಯಿತು.
ನಾವಿನ್ನೂ ನಾಲ್ಕರಲ್ಲಿದ್ದೆವು.

ರಾತ್ರಿ ಹಾಸ್ಟೆಲಿನಲ್ಲಿ ಕೂತು
ಆ ಒಂಟೆಯ ನಿರೀಕ್ಷಿತ ಲಾಭ ಲೆಕ್ಕ ಹಾಕಿದೆ.
ಹಾಲಿಲ್ಲ, ಮರಿಯಿಲ್ಲ,
ವರ್ಷಕ್ಕೆ ಐದು ಕಿಲೋ ತುಪ್ಪುಳ, ಅದೂ ಒರಟು.
ಯಾವ ಪುಸ್ತಕವೂ ಇದನ್ನು ಇಟ್ಟುಕೋ ಅನ್ನುವುದಿಲ್ಲ.
ಉಳಿದ ಇಪ್ಪತ್ತೊಂದು ಆಡು ಅಟ್ಟಿಕೊಂಡು
ನಾವು ಆ ಕಣಿವೆ ಬಿಟ್ಟದ್ದು
ಅದರ ಬೆನ್ನ ಮೇಲೆ ಡೇರೆ ಹೇರಿ.
ಡೇರೆಯ ತೂಕವನ್ನು
ಯಾವ ಕಾಲಂನಲ್ಲಿ ಬರೆಯಲಿ ತಿಳಿಯದೆ
ದೀಪ ಆರಿಸಿದೆ.

ಈಗ ನನ್ನದೂ ಒಂದು ಚೂರು ಇದೆ,
ಕಾಫಿ ಅಂಗಡಿಯ ಸಂಜೆ ಪಾಳಿಯ ಸಂಬಳದಲ್ಲಿ ಕೊಂಡ
ಸೂಚ್ಯಂಕ ನಿಧಿ:
ನಾನು ಕಾಣದ ದೇಶಗಳ ಸಿಮೆಂಟು, ಔಷಧಿ, ಚಾಕೊಲೇಟು,
ಯಾರದೋ ವಿಮಾನದ ಒಂದು ಮೊಳೆ.

ಬಿಳಿ ತಿಂಗಳ ಹಬ್ಬಕ್ಕೆ ಅಪ್ಪನ ಫೋನು.
ಗಾಳಿ ಗೀರಿದ ದನಿ:
"ಹೇಗಿದೆ ನಿನ್ನ ಹಿಂಡು?
ಈಗ ಎಲ್ಲಿ ಮೇಯ್ತಿದೆ?"

ಪರದೆ ಕೆಂಪಗಿತ್ತು, ಶೇಕಡಾ ನಾಲ್ಕು ಕೆಳಗೆ.
ಆ ಪ್ರಶ್ನೆಗೆ ನಮ್ಮಲ್ಲಿರುವುದು ಒಂದೇ ಉತ್ತರ,
ಹಿಂಡು ಸತ್ತ ವರ್ಷವೂ ಬಂದವರಿಗೆಲ್ಲ
ನಶ್ಯದ ಬುಡ್ಡಿ ಚಾಚುತ್ತ ಅಪ್ಪ ಹೇಳಿದ್ದು:

"ಕೊಬ್ಬಿವೆ. ಸುಖವಾಗಿವೆ."