ಕಿತ್ತಳೆ ಬತ್ತಿ

ಮೂರು ವರ್ಷದಿಂದ, ರಾತ್ರಿ ತಲೆ ದಿಂಬಿಗಿಟ್ಟೊಡನೆ
ಬಲಗಿವಿಯೊಳಗೆ ಒಂದು ಮಿಲ್ಲು ಶುರುವಾಗುತ್ತಿತ್ತು.
ಸೈರನ್ನಿಲ್ಲ, ಪಾಳಿಯಿಲ್ಲ, ಅಮಾವಾಸ್ಯೆಗೂ ರಜೆಯಿಲ್ಲ.

ಎಂಜಿನ್ನಿನ ಸದ್ದೆಂದುಕೊಂಡು ಸೈಲೆನ್ಸರ್ ಬದಲಾಯಿಸಿದೆ.
ಮಿಲ್ಲು ನಿಲ್ಲಲಿಲ್ಲ.
ಗ್ಯಾರೇಜಿನ ದಾದಾಪೀರ್ ನಕ್ಕ:
"ಗಾಡಿದಲ್ಲ ತಿಪ್ಪೇಸ್ವಾಮಣ್ಣ, ಗಾಳಿದು.
ಎಪ್ಪತ್ತು ದಾಟಿದ ಮೇಲೆ ಮಾತಾಡೋದೆಲ್ಲ ಅದೇ."
ಗ್ರೀಸು ಮೆತ್ತಿದ ಡಬ್ಬಿಯೊಳಗಿಂದ ತೆಗೆದುಕೊಟ್ಟ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಕಿತ್ತಳೆ ಸ್ಪಂಜು,
ಸೇವಂತಿಗೆ ಮೊಗ್ಗಿನಷ್ಟು.

ಅದನ್ನು ಹೊಸೆಯಬೇಕು,
ಹಾಲಮ್ಮ ಶ್ರಾವಣದಲ್ಲಿ ಬತ್ತಿ ಹೊಸೆದಂತೆ,
ಸಣ್ಣಗೆ, ಸುಕ್ಕಿಲ್ಲದೆ;
ಇನ್ನೊಂದು ಕೈ ತಲೆಯ ಮೇಲಿಂದ ತಂದು
ಕಿವಿಯ ತುದಿ ಹಿಡಿದು ಮೇಲಕ್ಕೆಳೆದು
– ಮೂರನೇ ಕ್ಲಾಸಿನ ಮೇಷ್ಟ್ರು ನೆನಪಾಗುತ್ತಾರೆ –
ಒಳಗೆ ತೂರಿಸಿ ಇಪ್ಪತ್ತು ಎಣಿಸಬೇಕು.
ಮೆಲ್ಲಗೆ ಉಬ್ಬಿಕೊಳ್ಳುತ್ತದೆ,
ನೆನೆಹಾಕಿದ ಕಡಲೆಯ ಹಾಗೆ.

ಸೋಮವಾರ. ಹೈವೇ.
ಎರಡೂ ಮಗ್ಗುಲಿಗೆ ಹಾಸ್ಟೆಲ್ ಹುಡುಗರ ಯೂನಿಫಾರ್ಮಿನ ಗಂಟು,
ಮುಂದೆ ನಾನು, ಹಿಂದೆ ಹಾಲಮ್ಮ.
ಹೊಲಿಯುವುದು ದಾವಣಗೆರೆಯಲ್ಲಿ, ಹರಿಯುವುದು ದುರ್ಗದಲ್ಲಿ.

ಆನಗೋಡು ದಾಟಿದ ಮೇಲೆ ತಿಳಿಯಿತು:
ಕಿವಿ ಮುಚ್ಚಿದರೆ ಕೇಳಿಸದೆಂಬುದು ಸುಳ್ಳು.
ಹೋದದ್ದು ಗಾಳಿಯ ಭೋರು ಮಾತ್ರ.
ಉಳಿದದ್ದು ಜರಡಿಯಿಂದಿಳಿದ ರಾಗಿಹಿಟ್ಟು:
ಚೈನಿನ ಟಿಕ್ಕು, ಹಿಂದಿನ ಲಾರಿಯ ಹಾರ್ನು,
ನನ್ನದೇ ಉಗುಳು ನುಂಗುವ ಸದ್ದು,
ಮತ್ತೆ, ಬೆನ್ನಿಂದ ಒಂದು ಗೇಣು ಆಚೆ,
ಹಾಲಮ್ಮ.

ಹನ್ನೊಂದು ವರ್ಷ ಈ ದಾರಿಯಲ್ಲಿ
ಅವಳು ಏನೋ ಹೇಳುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ.
ಹೆಬ್ಬಾಳು ಟೋಲಿಗೊಂದು ಹೂಂ,
ಭರಮಸಾಗರಕ್ಕೊಂದು.
ಈಗ ನನ್ನ ಬತ್ತಿ ಕಂಡಿದ್ದಾಳೆ.
ಇವನಿನ್ನು ಪೂರ್ತಿ ಕಿವುಡನೆಂದುಕೊಂಡು
ಧಾರಾಳವಾಗಿಬಿಟ್ಟಿದ್ದಾಳೆ.

ಮೊದಲು ಲೆಕ್ಕ. ಗುಂಡಿ, ಕಾಜಾ,
ವಾರ್ಡನ್ನು ಉಳಿಸಿಕೊಂಡ ನಾಲ್ಕು ಸಾವಿರ.
ಆಮೇಲೆ ನನ್ನ ಅಕ್ಕನಿಗೆ ಅಂದೇ ಕೊಡಬೇಕಿದ್ದ ಉತ್ತರ,
ಮೂರು ಸಲ, ಮೂರು ಧಾಟಿಯಲ್ಲಿ.
ಮೂರನೆಯದು ಚೆನ್ನಾಗಿತ್ತು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಗುಡ್ಡದ ಮೇಲೆ ಗಾಳಿಯಂತ್ರಗಳು ಕಂಡವು;
ಅವಕ್ಕೇ ಹೇಳುವಂತೆ ಹೇಳಿದಳು:
"ತಿರುಗ್ರಿ, ನಿಂತಲ್ಲೇ ತಿರುಗ್ರಿ.
ನನ್ ಕೈಗೂ ಒಂದಿನ ಈ ಗಾಡಿ ಸಿಗ್ಲಿ.
ಇವನ ಬೆನ್ನು ನೋಡಿ ನೋಡಿ
ಅಂಗಿ ಹೊಲಿಗೆ ಬಾಯಿಪಾಠ ಆಗೈತಿ."

ಹೇಳಬೇಕಿತ್ತು, ಕೇಳಿಸುತ್ತದೆ ಕಣೇ ಎಂದು.
ನಾಲ್ಕು ಸೋಮವಾರ ಹೇಳಲಿಲ್ಲ.
ಕದ್ದು ಕೇಳುವವರು ಗೋಡೆಗೆ ಕಿವಿ ಇಡುತ್ತಾರೆ;
ನಾನು ಕಿವಿ ಮುಚ್ಚಿಕೊಂಡು ಕದ್ದೆ.

ಐದನೆಯದರಂದು, ಗಂಟು ಇಳಿಸಿ ಮರಳುವಾಗ,
ಭರಮಸಾಗರದ ಈಚೆ ಒಂದು ಹುಣಸೆಮರದಡಿ ನಿಲ್ಲಿಸಿ
"ಸೊಂಟ ಹಿಡದೈತಿ, ನೀನೇ ನಡೆಸು" ಅಂದೆ.
ತವರಿನಲ್ಲಿ ಅಣ್ಣನ ರಾಜದೂತ್ ಓಡಿಸಿದವಳು.
ನನ್ನ ಸೊಂಟ ನೋಡಿದಳು, ಮುಖ ನೋಡಿದಳು,
ಏನೂ ಕೇಳದೆ ಅಂಗೈ ಚಾಚಿದಳು.
ಕೀ ಗಾಡಿಯಲ್ಲೇ ಇತ್ತು.
ಬತ್ತಿ ಕೊಟ್ಟೆ.
ಸೆರಗಿಗೆ ಒರೆಸಿ, ಹೊಸೆದಳು,
ನನಗಿಂತ ಎಷ್ಟೋ ಚೆಂದ.

ಎಪ್ಪತ್ತು ದಾಟಿತು.
ನನ್ನ ಬರಿಗಿವಿಗೆ ಮಗ್ಗಗಳೆಲ್ಲ ಒಮ್ಮೆಲೇ ಬಿದ್ದವು.
ಎದುರಿಗೆ ಅವಳ ಬೆನ್ನು.
ರವಿಕೆಯ ಹೊಲಿಗೆ ಎಡಕ್ಕೆ ಅರ್ಧ ಬೆರಳು ವಾರೆ.
ಹೊಲಿದವನು ನಾನೇ.

ಆ ವಾರೆ ಹೊಲಿಗೆಗೆ ಹೇಳಿದೆ,
ಎಲ್ಲಾ ಕೇಳಿಸುತ್ತಿತ್ತು ಎಂದು.

ಹೆಲ್ಮೆಟ್ಟಿನೊಳಗಿಂದ ಏನೋ ಬಂತು.
ಹೂಂ ಇರಬಹುದು.
ಗಾಳಿಯೂ ಇರಬಹುದು.