ಒಂದೂವರೆ ಕಿಲೋ ಗಾಜು

ಟ್ಬಿಲಿಸಿ. ಒಣಸೇತುವೆಯ ಸಂತೆ.
ಹಳೆ ಪದಕ, ಚಮಚ, ಗ್ರಾಮೊಫೋನ್ ಕೊಳವೆಗಳ ನಡುವೆ
ಅಂಜೋರ್ ಹಾಸಿದ ಕಂಬಳಿಯ ಮೇಲೊಂದು ಲೆನ್ಸು:
ಎಪ್ಪತ್ತರಿಂದ ಇನ್ನೂರು, ಎರಡು ಪಾಯಿಂಟ್ ಎಂಟು.

ಹೊಸದಾದರೆ ನೆಸ್ತಾನಳ ನಾಲ್ಕು ತಿಂಗಳ ಸಂಬಳ.
ಅಗ್ಗದ್ದೊಂದು ಇದೆ ಮನೆಯಲ್ಲಿ. ಜೂಡೋ ಹಾಲಿನ
ಮೂರು ಟ್ಯೂಬ್‌ಲೈಟಿನಡಿ ಅದಕ್ಕೆ ಇರುಳುಗಣ್ಣು.
ಎಸೆದವಳೂ ಬಿದ್ದವಳೂ ಕಲಸಿಹೋಗಿ
ಪ್ರತಿ ಸಲವೂ ಬರೀ ಬಿಳಿ ಗಂಜಿ.

ಮುಂಗಾಜಿಗೆ ಗೀರು. ಅಂಚಿನಲ್ಲಿ ಬೂಷ್ಟು.
ಜೂಮ್ ಉಂಗುರದ ರಬ್ಬರು ಸಡಿಲ.
"ಗೀರು ಚಿತ್ರದಲ್ಲಿ ಕಾಣೋಲ್ಲಮ್ಮ,
ಬೆಲೆಯಲ್ಲಿ ಮಾತ್ರ ಕಾಣುತ್ತೆ."
"ನಡುಕ ತಡೆಯುತ್ತಾ?"
"ಅದೆಲ್ಲ ಇಲ್ಲ. ಉಸಿರು ಬಿಟ್ಟು ಒತ್ತು."

ಹೊಳೆಯಾಚೆಗೆ ಹಿಡಿದಳು.
ಬಾಲ್ಕನಿಯಲ್ಲಿ ಬಟ್ಟೆ ಹರವುವ ಹೆಂಗಸು
ಬಾಯಲ್ಲಿ ಕಚ್ಚಿದ ಕ್ಲಿಪ್ಪಿನ ತಂತಿಯ ತನಕ ನಿಚ್ಚಳ;
ಹಿಂದಿನ ಗೋಡೆ, ಗುಡ್ಡ, ಇಡೀ ಊರು
ಬಿಸಿಲಿಗಿಟ್ಟ ಬೆಣ್ಣೆ.

"ಇಷ್ಟು ಒಳ್ಳೇದನ್ನ ಯಾಕೆ ಮಾರ್ತೀರಿ?"
ಮೂವತ್ತು ವರ್ಷ ಫುಟ್‌ಬಾಲ್ ತೆಗೆದವನು
ಚಹಾ ಲೋಟ ಎತ್ತಿದ.
ಅರ್ಧ ಕಂಬಳಿಗೆ ಚೆಲ್ಲಿತು.

ಆಮೇಲೆ ಚೌಕಾಸಿ ಮಾಡಲಿಲ್ಲ ಅಂತಲ್ಲ.
ಮಾಡಿದಳು. ನಲವತ್ತು ಇಳಿಸಿದ.
ಮುಚ್ಚಳ ಮಾತ್ರ ಬೇರೆ ಯಾವುದೋ ಕಂಪನಿಯದು.

ಬಸ್ಸಿನಲ್ಲಿ, ತೊಡೆಯ ಮೇಲೆ ಅದರ ಭಾರ.
ಉಸಿರು ಬಿಡುವುದನ್ನು ಅಭ್ಯಾಸ ಮಾಡುತ್ತ
ಎರಡು ಸ್ಟಾಪು ಮುಂದೆ ಹೋಗಿಬಿಟ್ಟಳು.